ಸಮುದ್ರ ಯಾವ ಕಡೆ ಎಂದು ಕೇಳುತ್ತಿದ್ದ ಬಸ್ ಕಾಕ

ಬಸ್ ಕಾಕನ ಎಡಗೈ ಬಲಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು. ಬಹ್ರೈನಿನಲ್ಲಿ ಡ್ರೈವರ್ ಎಡಗಡೆ ಕೂರಬೇಕು, ಅವನ ಕಿಟಕಿಯೂ ಎಡಗಡೆ, ಆದ್ದರಿಂದ ಬಿಸಿಲೆಲ್ಲ ಆ ಒಂದೇ ಕೈಗೆ. ಇಪ್ಪತ್ತೆಂಟು ವರ್ಷ ಮೊಣಕೈಯನ್ನು ಕಿಟಕಿಗೆ ಊರಿಕೊಂಡು ಅವರು ಬಸ್ಸು ಓಡಿಸಿದ್ದರು. ಎರಡೂ ಕೈಯಲ್ಲಿ ಚಾದ ಲೋಟ ಹಿಡಿದು ಕೂತರೆ, ಒಂದು ಕೈ ಅವರದ್ದು, ಇನ್ನೊಂದು ಬೇರೆ ಯಾರದ್ದೋ ಎನ್ನುವ ಹಾಗೆ ಕಾಣುತ್ತಿತ್ತು. ನಾನು ತಮಾಷೆ ಮಾಡಿದರೆ, "ಬಲಗೈ ಊರಿಗೆ ಫೋಟೋ ಕಳಿಸ್ಲಿಕ್ಕೆ ಇಟ್ಟದ್ದು ಮಗಳೇ" ಎನ್ನುತ್ತಿದ್ದರು.

ಅವರು ಮಂಗಳೂರಿನಿಂದ ಉತ್ತರಕ್ಕೆ, ಕಡಲ ಬದಿಯ ಊರಿನ ಬ್ಯಾರಿ ಮುಸ್ಲಿಮರು. ವಾರದಲ್ಲಿ ಐದು ದಿನ ಮನಾಮದ ಮಕ್ಕಳನ್ನು ಈಸಾ ಟೌನಿನ ಶಾಲೆಗೆ ಕೊಂಡುಹೋಗಿ ಬಿಟ್ಟು ತರುವುದು ಅವರ ಕೆಲಸ. ನಾನು ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು. ಗಂಡನ ಜೊತೆ ಮನಾಮದ ಗುಫೂಲಿನ ಒಂದು ಫ್ಲ್ಯಾಟಿನಲ್ಲಿ ಇದ್ದೇನೆ, ವೀಸಾ ಅರ್ಜಿ ಟೈಪು ಮಾಡುವ ಅಂಗಡಿಯೊಂದರಲ್ಲಿ ಕೆಲಸ. ಕಾಕ ನನ್ನ ಹತ್ತಿರ ಕನ್ನಡ, ನನ್ನ ಅಮ್ಮನ ಹತ್ತಿರ ತುಳು, ಫೋನಿನಲ್ಲಿ ಹೆಂಡತಿಯ ಹತ್ತಿರ ಬ್ಯಾರಿ, ಪೊಲೀಸರ ಹತ್ತಿರ ಅರಬ್ಬಿ ಮಾತಾಡುತ್ತಿದ್ದರು. ಹಿಂದಿ ಬಂತೆಂದರೆ ಯಾರಿಗೋ ಬೈಯುತ್ತಿದ್ದಾರೆ ಎಂದು ತಿಳಿಯಬೇಕು.

ಇಲ್ಲಿ ಚಳಿಗಾಲಕ್ಕೆ ಎರಡು ಸಂಭ್ರಮ. ಒಂದು, ಸಖೀರಿನ ಮರುಭೂಮಿಯಲ್ಲಿ ಊರೊಂದು ಏಳುವುದು. ಬೇಸಗೆಯಲ್ಲಿ ನಾಯಿಯೂ ಹೋಗದ ಆ ಕಲ್ಲುನೆಲದಲ್ಲಿ ನವೆಂಬರ್ ಹೊತ್ತಿಗೆ ಸಾಲು ಸಾಲು ಡೇರೆ. ನೀರಿನ ಟ್ಯಾಂಕು, ಜನರೇಟರು, ಟಿವಿಯ ತಟ್ಟೆ, ಚಾ ಮಾರುವ ಗಾಡಿ, ಗುರುತಿಗೆ ಒಂದೊಂದು ಡೇರೆಗೆ ಒಂದೊಂದು ಬಾವುಟ. ಕೆಲಸದಿಂದ ನಿವೃತ್ತರಾದ ಬಹ್ರೈನಿ ಅಜ್ಜಂದಿರು ಪಟ್ಟಣದ ಮನೆಗೆ ಬೀಗ ಹಾಕಿದವರ ಹಾಗೆ ಬಂದು ಬೆಂಕಿಯ ಮುಂದೆ ಕೂತರೆ, ಸೆಕೆ ಶುರುವಾಗುವವರೆಗೆ ಏಳುವುದಿಲ್ಲ. ಆಮೇಲೆ ಎಲ್ಲ ಕಿತ್ತು ಕಟ್ಟಿದರೆ ಆ ಊರು ಇತ್ತು ಎನ್ನುವುದಕ್ಕೆ ಗೂಟದ ತೂತು ಬಿಟ್ಟರೆ ಏನೂ ಉಳಿಯುವುದಿಲ್ಲ.

ಇನ್ನೊಂದು ಸಂಭ್ರಮ ನಮ್ಮದು. ಅದೇ ತಿಂಗಳುಗಳಲ್ಲಿ ನಮ್ಮ ಅಪ್ಪ ಅಮ್ಮಂದಿರು ವಿಸಿಟ್ ವೀಸಾದಲ್ಲಿ ಬರುತ್ತಾರೆ. ಹಪ್ಪಳ, ಉಪ್ಪಿನಕಾಯಿ, ಒಣಮೀನು ತುಂಬಿಸಿಕೊಂಡು ಹುರುಪಿನಲ್ಲಿ ಇಳಿದವರು ಹತ್ತೇ ದಿನಕ್ಕೆ ಮಂಕಾಗುತ್ತಾರೆ. ನಾವು ಕೆಲಸಕ್ಕೆ ಹೋಗುತ್ತೇವೆ, ಮೊಮ್ಮಕ್ಕಳು ಇಂಗ್ಲಿಷು ಬಿಟ್ಟು ಮಾತಾಡುವುದಿಲ್ಲ, ಇವರು ನಾಲ್ಕನೇ ಮಾಳಿಗೆಯ ಬಾಲ್ಕನಿಯಲ್ಲಿ ನಿಂತು ಕೆಳಗಿನ ಕಾರುಗಳನ್ನು ನೋಡುತ್ತಾರೆ. ಇದನ್ನು ನೋಡಲಾಗದೆ ಬಸ್ ಕಾಕ ತಮ್ಮ ಅರ್ಬಾಬನ, ಎಂದರೆ ಬಸ್ಸಿನ ಮಾಲೀಕನ ಒಪ್ಪಿಗೆ ಕೇಳಿ, ಚಳಿಗಾಲದ ಶುಕ್ರವಾರಗಳಲ್ಲಿ ಶಾಲೆಯ ಬಸ್ಸಿನಲ್ಲಿ ಈ ಮುದುಕ ಮುದುಕಿಯರನ್ನು ಸಖೀರಿಗೆ ಕರೆದುಕೊಂಡು ಹೋಗತೊಡಗಿದರು. ಮಕ್ಕಳ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ಮುಟ್ಟಿಸಿಕೊಂಡು ಕೂತ ಆ ಹಿರಿಯರ ಉತ್ಸಾಹವನ್ನು ನೋಡಬೇಕಿತ್ತು. ಮರುಭೂಮಿಯಲ್ಲಿ ಡಾಂಬರು ರಸ್ತೆಯ ಬದಿಗೆ ಬಸ್ಸು ನಿಲ್ಲಿಸಿ, ಟಾರ್ಪಾಲು ಹಾಸಿ, ಗ್ಯಾಸಿನ ಒಲೆ ಹಚ್ಚಿ ಚಾ ಕಾಯಿಸುವುದೂ ಅವರೇ. ಯಾರಾದರೂ ಲೋಟ ತೊಳೆಯಲು ಎದ್ದರೆ ಬಿಡುತ್ತಿರಲಿಲ್ಲ. "ವಿಸಿಟರ್ ಅಂದ್ರೆ ಮದುಮಗ ಇದ್ದ ಹಾಗೆ. ಕೈಗೆ ಕೆಲಸ ಕೊಡಬಾರ್ದು" ಎಂಬುದು ಅವರ ಕಾನೂನು.

ನನ್ನ ಅಮ್ಮ ಮೊದಲ ಸಲ ಬಂದಾಗ ಎಂಟನೇ ದಿನವೇ "ನನ್ನ ಟಿಕೆಟು ಮಾಡು" ಎಂದು ಹಟ ಹಿಡಿದಳು. ಆ ಶುಕ್ರವಾರ ಬಲವಂತದಿಂದ ಅವಳನ್ನು ಬಸ್ಸು ಹತ್ತಿಸಿದೆ, ನಾನೂ ಹತ್ತಿದೆ. ಊರು ದಾಟುತ್ತಿದ್ದ ಹಾಗೆ ಮಂಜು ಕವಿಯಿತು. ಸಖೀರಿಗೆ ಮುಟ್ಟುವಾಗ ಬಸ್ಸಿನ ಮೂತಿಯೇ ಕಾಣಿಸದಷ್ಟು ದಟ್ಟ. ಕಾಕ ಬಸ್ಸು ನಿಲ್ಲಿಸಿ, "ಮಂಜು ಸರಿಯುವವರೆಗೆ ಯಾರೂ ದೂರ ಹೋಗ್ಬೇಡಿ" ಎಂದರು. ಅಮ್ಮ ಯಾರ ಮಾತು ಕೇಳಿದವಳು? ನಾನು ಫ್ಲಾಸ್ಕು ಇಳಿಸಿ ತಿರುಗುವಷ್ಟರಲ್ಲಿ ಅವಳಿಲ್ಲ.

ಕೂಗಿದೆ. ಉತ್ತರವಿಲ್ಲ. ಓಡಲು ಹೊರಟವಳನ್ನು ಕಾಕ ಅಡ್ಡ ನಿಂತು ತಡೆದರು.

"ಓಡ್ಬೇಡಿ ಮಗಳೇ. ಇಬ್ಬರನ್ನು ಹುಡುಕ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಅಮ್ಮ ಬಸ್ಸಲ್ಲಿ ಎಂತ ಹೇಳ್ತಾ ಇದ್ರು?"

"ಎಂತ ಹೇಳೋದು? ಒಮ್ಮೆ ಸಮುದ್ರ ನೋಡ್ಬೇಕು ಅಂತಿದ್ರು."

"ಸಮುದ್ರ ಯಾವ ಕಡೆ ಅಂತ ತಿಳಿದಿದ್ದಾರೆ ಅವರು?"

ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ಕಳೆದುಹೋಗಿದ್ದಾಳೆ, ಈ ಮನುಷ್ಯ ಭೂಗೋಳದ ಪಾಠ ತೆಗೆದಿದ್ದಾನೆ! ಆದರೆ ಅವರು ಬಿಡದೆ ಮತ್ತೆ ಕೇಳಿದರು. ಆಗ ನೆನಪಾಯಿತು. ಬಸ್ಸು ಮನಾಮ ಬಿಡುವಾಗ ಬಲಗಡೆ ಸಮುದ್ರ ಕಂಡಿತ್ತು. ಅಮ್ಮ ಖುಷಿಯಿಂದ, "ನಮ್ಮ ಉಡುಪಿಯಿಂದ ಮಂಗಳೂರಿಗೆ ಹೋಗುವ ಹಾಗೆಯೇ ಉಂಟಲ್ಲ, ಸಮುದ್ರ ಬಲಗಡೆ" ಎಂದಿದ್ದಳು. ನಮ್ಮ ಕರಾವಳಿಯವರಿಗೆ ರಸ್ತೆ ಎಂದರೆ ಅಷ್ಟೇ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಗುಡ್ಡ, ಎಷ್ಟು ದೂರ ಹೋದರೂ ಅದು ಬದಲಾಗುವುದಿಲ್ಲ. ಇಲ್ಲಿ ಬಸ್ಸು ನಾಲ್ಕು ಸರ್ಕಲ್ ಸುತ್ತಿ ತಿರುಗಿದ್ದು ಅಮ್ಮನ ಲೆಕ್ಕಕ್ಕೇ ಬಂದಿರಲಿಲ್ಲ.

"ಹಾಗಾದ್ರೆ ಬಲಗಡೆ" ಎಂದರು ಕಾಕ. ಬಂದವರಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ಟರಿದ್ದರು. ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ನಾವು ಬರುವವರೆಗೆ ನಿಮಿಷಕ್ಕೊಮ್ಮೆ ಹಾರ್ನ್ ಹಾಕ್ತಾ ಇರಿ ಮಾಸ್ಟ್ರೇ" ಎಂದು ಹೇಳಿ, ಬಸ್ಸಿನ ಬಲಗಡೆಯ ಮಂಜಿನೊಳಗೆ ಹೊಕ್ಕರು. ಹಾರ್ನಿನ ಸದ್ದನ್ನು ಬೆನ್ನಿಗೆ ಇಟ್ಟುಕೊಂಡು ನಾವು ನಡೆದೆವು. ಕಾಲು ಗಂಟೆಯಾಗಿರಬೇಕು. ಒಂದು ಕಲ್ಲಿನ ಮೇಲೆ ಅಮ್ಮ ಕೂತಿದ್ದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದಳು, ಚಪ್ಪಲಿ ಕೈಯಲ್ಲಿತ್ತು. ಕಾಲಡಿಗೆ ಹೊಯ್ಗೆ ಬಂತು, ಮರಳು ಬಂದರೆ ಇನ್ನು ಕಡಲೇ ಎಂದು ತೆಗೆದದ್ದಂತೆ.

ನಾನು ಬೈಯಲು ಬಾಯಿ ತೆರೆದೆ, ಬೈದೆ ಕೂಡ. ಅಮ್ಮ ನನ್ನತ್ತ ನೋಡದೆ, "ಇನ್ನು ಸ್ವಲ್ಪವೇ ದೂರ ಇರ್ಬೇಕು ಸಾಯ್ಬ್ರೇ, ಗಾಳಿಗೆ ಉಪ್ಪಿನ ವಾಸನೆ ಉಂಟು" ಎಂದಳು. ಅವಳ ಗಲ್ಲ ಅದುರುತ್ತಿತ್ತು.

"ಹೌದು ಬಾಯಮ್ಮ, ಸ್ವಲ್ಪ ದೂರ ಉಂಟು" ಎಂದರು ಕಾಕ. "ಮೊದಲು ಚಾ ಕುಡಿದು ಬರುವ."

ಅಮ್ಮ ಆ ವರ್ಷ ಟಿಕೆಟಿನ ಸುದ್ದಿ ಮತ್ತೆ ಎತ್ತಲಿಲ್ಲ. ಮುಂದಿನ ಐದು ಚಳಿಗಾಲವೂ ಬಂದಳು. ಶುಕ್ರವಾರದ ತಿಂಡಿಗೆಂದು ಗುರುವಾರವೇ ಅಕ್ಕಿ ನೆನೆಹಾಕುತ್ತಿದ್ದಳು.

ಆ ದಿನದ ನಂತರ ಕಾಕ ಒಂದು ಪದ್ಧತಿ ಇಟ್ಟುಕೊಂಡರು. ಬಸ್ಸು ನಿಂತ ಕೂಡಲೇ ಪ್ರತಿಯೊಬ್ಬ ಹೊಸ ವಿಸಿಟರ್ ಹತ್ತಿರ, "ಸಮುದ್ರ ಯಾವ ಕಡೆ, ಹೇಳಿ ನೋಡುವ" ಎನ್ನುವುದು. ಯಾರೂ ಗೊತ್ತಿಲ್ಲ ಎನ್ನುತ್ತಿರಲಿಲ್ಲ. ತಾವು ಯಾವ ಕಿಟಕಿಯಲ್ಲಿ ನೀರು ನೋಡಿದ್ದರೋ ಆ ಕಡೆಗೆ ಗಟ್ಟಿಯಾಗಿ ಕೈ ತೋರಿಸುತ್ತಿದ್ದರು. ಕಾಕ ಹೌದೆಂದು ತಲೆಯಾಡಿಸಿ ಒಲೆ ಹಚ್ಚಲು ಹೋಗುತ್ತಿದ್ದರು. ಒಮ್ಮೆ ನಾನು ನಡುವೆ ಬಾಯಿ ಹಾಕಿ, "ಅಲ್ಲ ಅಂಕಲ್, ಇದು ದ್ವೀಪ, ಸುತ್ತಲೂ ಸಮುದ್ರವೇ" ಎಂದೆ. ಆಮೇಲೆ ಕಾಕ ನನ್ನನ್ನು ಬದಿಗೆ ಕರೆದು ಹೇಳಿದರು: "ತಿದ್ದಬಾರ್ದು ಮಗಳೇ. ತಿದ್ದಿದ್ರೆ ಬಾಯಲ್ಲಿ ಹೌದು ಅಂತಾರೆ. ಕಾಲು ಮಾತ್ರ ಹಳೇ ಕಡೆಗೇ ಹೋಗ್ತದೆ. ಅವರು ಕಾಣೆಯಾದ್ರೆ ಎಲ್ಲಿ ಹುಡುಕ್ಬೇಕು ಅಂತ ನಮಗೆ ಗೊತ್ತಿದ್ರೆ ಸಾಕು."

ಅವರಿಗೊಂದು ಆಸೆಯಿತ್ತು. ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಒಂದು ಚಳಿಗಾಲ ವಿಸಿಟರ್ ಆಗಿ ಬರಬೇಕು. ಸ್ಟೇರಿಂಗ್ ಮುಟ್ಟಬಾರದು, ಒಲೆ ಹಚ್ಚಬಾರದು. "ಆ ಅರಬಿ ಅಜ್ಜಂದಿರ ಹಾಗೆ ಕಾಲು ಚಾಚಿ ಕೂತ್ಕೊಳ್ಬೇಕು. ಚಾ ನೀವು ಮಾಡ್ಬೇಕು." ನಾನು ವೀಸಾದ ಅಂಗಡಿಯವಳು, "ಅರ್ಜಿ ನನ್ನ ಕೈಯಲ್ಲೇ ಟೈಪು ಮಾಡ್ತೇನೆ ಕಾಕ" ಎಂದು ಮಾತು ಕೊಟ್ಟಿದ್ದೆ.

ಕೆಲಸ ಬಿಡುವ ದಿನ ಇಷ್ಟು ಬೇಗ ಬರುತ್ತದೆಂದು ನಾನು ಎಣಿಸಿರಲಿಲ್ಲ. ಒಂದು ಶುಕ್ರವಾರ ಸಖೀರಿನ ದಾರಿಯಲ್ಲಿ ಅವರು ಬಸ್ಸನ್ನು ನಿಧಾನ ಮಾಡಿ ಬದಿಗೆ ತಂದು ನಿಲ್ಲಿಸಿದರು. ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ತಿರುಗದೆಯೇ ಕೇಳಿದರು:

"ಮಗಳೇ, ಮಂಜು ಬಿದ್ದಿದೆಯಾ?"

ಬೆಳ್ಳನೆ ಬಿಸಿಲು. ದೂರದ ಡೇರೆಗಳ ಬಾವುಟ ಕೂಡ ಎಣಿಸಬಹುದಿತ್ತು. "ಇಲ್ಲ ಕಾಕ" ಎಂದೆ. ಅವರು ಇಂಜಿನ್ ಬಂದ್ ಮಾಡಿ, ಕೀ ತೆಗೆದು ನನ್ನ ಅಂಗೈಯಲ್ಲಿಟ್ಟು, ಎಲ್ಲರನ್ನೂ ಇಳಿಸಿ ಅಲ್ಲೇ ಟಾರ್ಪಾಲು ಹಾಸಿದರು. ಚಾ ಕಾಯಿಸಿದರು, ಎಂದಿನ ಹಾಗೆ ತಮಾಷೆ ಮಾಡಿದರು. ಅಷ್ಟರಲ್ಲಿ ಅರ್ಬಾಬನಿಗೆ ಫೋನು ಮಾಡಿ ಬೇರೆ ಡ್ರೈವರನ್ನು ಕರೆಸಿದ್ದರು. ಹಿಂದಿರುಗಿ ಬರುವಾಗ ಮಕ್ಕಳ ಸೀಟಿನಲ್ಲಿ ಅವರೂ ಮೊಣಕಾಲು ಮಡಚಿ ಕೂತರು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ನಾನು ಸುಮ್ಮನಿರದೆ, ಡಾಕ್ಟರಿಗೆ ತೋರಿಸಿ, ನಾಲ್ಕು ತಿಂಗಳು ತಡೆಯಿರಿ, ಶಾಲೆಯ ವರ್ಷವಾದರೂ ಮುಗಿಯಲಿ ಎಂದೆಲ್ಲ ಹೇಳಿದೆ. ಅವರು ನನಗೆ ಗದರಿದ್ದು ಅದೊಂದೇ ಸಲ. "ಅದ್ರಲ್ಲಿ ಮಕ್ಕಳು ಕೂತ್ಕೊಳ್ತಾರೆ. ನಾಲ್ಕು ತಿಂಗಳಲ್ಲ, ನಾಳೆಯೂ ಇಲ್ಲ." ನನಗೆ ಇವತ್ತಿಗೂ ಆ ನನ್ನ ಮಾತಿಗೆ ನಾಚಿಕೆಯಾಗುತ್ತದೆ. ಇಪ್ಪತ್ತೆಂಟು ವರ್ಷದ ಅನ್ನವನ್ನು ಒಂದು ಬೆಳಗ್ಗೆ ರಸ್ತೆ ಬದಿಯಲ್ಲಿ ಬಿಟ್ಟುಕೊಟ್ಟ ಮನುಷ್ಯನಿಗೆ ನಾನು ಬುದ್ಧಿ ಹೇಳಲು ಹೋಗಿದ್ದೆ. ತಿಂಗಳೊಳಗೆ ಅವರು ಊರಿಗೆ ಹೋದರು. ಶುಕ್ರವಾರಗಳಲ್ಲಿ ಕಾರಿಗೆ ಹಿಡಿಯುವಷ್ಟು ವಿಸಿಟರುಗಳನ್ನು ನಾನೇ ಸಖೀರಿಗೆ ಕರೆದೊಯ್ಯತೊಡಗಿದೆ.

ಮೂರು ವರ್ಷದ ನಂತರ ಅವರ ಮಗಳು ಫೋನು ಮಾಡಿದಳು. "ಅಬ್ಬನಿಗೆ ಈ ಚಳಿಗಾಲಕ್ಕೆ ಬರ್ಬೇಕಂತೆ ಅಕ್ಕಾ. ಈಗ ನೆರಳು ಬೆಳಕು ಬಿಟ್ರೆ ಕಾಣುದಿಲ್ಲ. ಮುಂದಿನ ವರ್ಷಕ್ಕೆ ಅದೂ ಇರುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ." ಇಲ್ಲಿಯ ಹಮದ್ ಟೌನಿನಲ್ಲಿ ಕಾಕನ ಅಳಿಯನೊಬ್ಬನಿದ್ದ, ಅವನ ಹೆಸರಿನಲ್ಲಿ ಅರ್ಜಿ ಟೈಪು ಮಾಡಿದೆ. ಅದು ತಿರುಗಿ ಬಂತು. ಫೋಟೋದಲ್ಲಿ ಕಾಕನ ನೋಟ ಎತ್ತಲೋ ಇತ್ತು, ಕ್ಯಾಮೆರಾ ಎಲ್ಲಿದೆಯೆಂದು ಅವರಿಗೆ ಗೊತ್ತಾದರೆ ತಾನೆ! ಮಗಳಿಗೆ ಹೇಳಿದೆ: ಫೋಟೋ ತೆಗೆಯುವವನ ಹಿಂದೆ ನಿಂತು ಕರೆ. ಎರಡನೇ ಫೋಟೋದಲ್ಲಿ ಅವರು ನೇರ ನೋಡಿ ನಗುತ್ತಿದ್ದರು. ನಗಬಾರದೆಂಬ ನಿಯಮ ಇದೆ. ನಾನು ಉಸಿರು ಬಿಗಿಹಿಡಿದು ಕಳಿಸಿದೆ, ಪಾಸಾಯಿತು.

ಜನವರಿಯ ಶುಕ್ರವಾರ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ಆ ವರ್ಷ ಹೊಸದಾಗಿ ಬಂದ ವಿಸಿಟರ್ ದಂಪತಿ. ಕಾಕನ ಎರಡು ಕೈಯೂ ಈಗ ಒಂದೇ ಬಣ್ಣ. ನಾನು ದಾರಿ ತಪ್ಪಿ ಒಂದು ಸರ್ಕಲ್ ಎರಡು ಸಲ ಸುತ್ತಿದೆ, "ಯಾವ ಕಡೆ ಕಾಕ?" ಎಂದರೆ, "ನಾನು ವಿಸಿಟರ್" ಎಂದು ಕೈಕಟ್ಟಿ ಕೂತರು. ಸಖೀರಿನಲ್ಲಿ ಟಾರ್ಪಾಲಿನ ಮೇಲೆ ಕಾಲು ಚಾಚಿ, ಮುಖವನ್ನು ಬಿಸಿಲಿಗೆ ಕೊಟ್ಟು, ಯಾವ ಡೇರೆಗೆ ಯಾವ ಬಾವುಟ ಎಂದು ಒಂದೊಂದಾಗಿ ನನ್ನಿಂದ ಹೇಳಿಸಿಕೊಂಡರು. ನಾನು ಮಾಡಿದ ಚಾಕ್ಕೆ ಸಕ್ಕರೆ ಇಲ್ಲವೆಂದು ಜಗಳ ಮಾಡಿದರು.

ಹೊಸ ದಂಪತಿಯನ್ನು ನಾನೇ ಕೇಳಿದೆ, ಸಮುದ್ರ ಯಾವ ಕಡೆ ಎಂದು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ತೋರಿಸಿದರು. ನಗಾಡಿದೆವು. ಆ ನಗುವಿನಲ್ಲೇ ತಮಾಷೆಗೆಂದು ಕೇಳಿದೆ, "ಕಾಕ, ನೀವು ಹೇಳಿ?"

ಅವರು ಮದುಮಗನ ಗತ್ತಿನಲ್ಲಿ ಏನೋ ಚೇಷ್ಟೆಯ ಉತ್ತರ ಕೊಡುತ್ತಾರೆಂದು ಕಾದೆ. ಅವರು ತಡಮಾಡದೆ ಎಡಗೈ ಎತ್ತಿದರು. "ರಸ್ತೆಯ ಎಡಗಡೆ. ಮಂಗಳೂರಿಂದ ನಮ್ಮ ಮನೆಗೆ ಬರುವಾಗ ಸಮುದ್ರ ಎಡಗಡೆಯೇ ಅಲ್ವಾ."

ಈ ದ್ವೀಪದ ಒಂದೊಂದು ತಿರುವನ್ನೂ ಬಲ್ಲವರು ಅವರು. ನಾನು ತಿದ್ದಲಿಲ್ಲ. "ಹೌದು ಕಾಕ" ಎಂದು, ಆ ಕಡೆಯನ್ನು ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡೆ.

ಅವರು ಹೋದದ್ದು ಅದರ ಮರುವರ್ಷ, ಡಿಸೆಂಬರಿನಲ್ಲಿ, ಊರಿನ ಮನೆಯಲ್ಲಿ. ಮೊಣಕಾಲು ನೋವಿನಿಂದ ವಿಮಾನ ಹತ್ತುವುದನ್ನು ಬಿಟ್ಟಿದ್ದ ಅಮ್ಮನಿಗೆ ಫೋನಿನಲ್ಲಿ ತಿಳಿಸಿದೆ. ಅವಳು ಅತ್ತಳು. "ಅವತ್ತು ಸಾಯ್ಬ್ರು ನನಗೆ ಒಂದು ಮಾತು ಬೈಲಿಲ್ಲ ನೋಡು" ಎಂದಳು.

ಸುದ್ದಿ ಬಂದ ವಾರದ ಶುಕ್ರವಾರವೂ ಇಬ್ಬರು ವಿಸಿಟರುಗಳಿದ್ದರು, ಬೇಡವೆನ್ನಲು ಮನಸ್ಸಾಗಲಿಲ್ಲ. ಸಖೀರಿನಲ್ಲಿ ಎಂದಿನ ಜಾಗದಲ್ಲಿ ಕಾರು ನಿಲ್ಲಿಸಿದೆ. ಅವರನ್ನು ಟಾರ್ಪಾಲಿನ ಮೇಲೆ ಕೂರಿಸಿ, ಒಲೆಯ ಮೇಲೆ ನೀರಿಟ್ಟು, ಈಗ ಬಂದೆ, ಕುದಿದರೆ ಹಾರ್ನ್ ಹಾಕಿ ಎಂದು ಹೇಳಿ ರಸ್ತೆಯ ಎಡಗಡೆಗೆ ನಡೆದೆ. ಡೇರೆಗಳ ಸಾಲು ಮುಗಿದ ಮೇಲೂ ನಡೆದೆ. ಒಂದು ಕಡೆ ನೆಲ ಮೆದುವಾಯಿತು, ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದೆ. ಮುಂದೆ ಬರೀ ಬಯಲು. ಅಳು ಬಂತು, ಅತ್ತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕಾರಿನ ಹಾರ್ನು ಕೇಳಿಸಿತು. ನೀರು ಕುದಿದಿರಬೇಕು.

"ಸ್ವಲ್ಪ ದೂರ ಉಂಟು ಕಾಕ" ಎಂದೆ. "ಮೊದಲು ಚಾ ಕುಡಿದು ಬರುವ."