ಮಷೀನಿನ ವಾಸನೆಗೂ ನಾನೇ ಕಾರಣವಂತೆ

ನಮ್ಮ ಬೀದಿಯಲ್ಲಿ ಏನೇ ವಿಚಿತ್ರ ನಡೆದರೂ ಜನ ಮೊದಲು ನನ್ನ ಮುಖ ನೋಡುತ್ತಾರೆ. ಅದು ನಾನು ಕಷ್ಟಪಟ್ಟು ಗಳಿಸಿದ ಗೌರವ. ಮೈಸೂರು ಮೈನ್ಸ್‌ನ ಈ ಬೀದಿಗೆ ಬಂದ ಹೊಸದರಲ್ಲಿ, ಬೇತಮಂಗಲದ ನಲ್ಲಿ ನೀರು ಇಲ್ಲಿನ ಹಳೇ ಚಿನ್ನದ ಗಣಿಯ ಮೇಲೆ ಹಾದು ಬರುತ್ತದೆ, ಬಿಂದಿಗೆಯ ತಳದಲ್ಲಿ ಚಿನ್ನದ ಪುಡಿ ಕೂರುತ್ತದೆ ಎಂದು ಗಂಭೀರವಾಗಿ ಹೇಳಿದ್ದೆ. ಅರ್ಧ ಬೀದಿ ಬಿಂದಿಗೆಯ ಗಸಿಯನ್ನು ಬಿಳಿ ಪಂಚೆಯಲ್ಲಿ ಸೋಸಿತು. ಇನ್ನರ್ಧ ಸೋಸಿದ್ದನ್ನು ಒಪ್ಪಿಕೊಳ್ಳಲಿಲ್ಲ. ಬೀಗರು ಬೂದಿಕೋಟೆಗೆ ವಾಪಸ್ ಹೊರಟಾಗ ಅವರ ಬ್ಯಾಗಿನ ತಳದಲ್ಲಿ ಕರುವಾಡಿನ, ಅಂದರೆ ಒಣಮೀನಿನ, ಪೊಟ್ಟಣ ಇಟ್ಟವನೂ ನಾನೇ. ಬಸ್ಸಿನಲ್ಲಿ ಅವರ ಪಕ್ಕ ಯಾರೂ ಕೂರಲಿಲ್ಲವಂತೆ. ಊರಿನವರೆಗೂ ಕಾಲು ಚಾಚಿಕೊಂಡು ಹೋದ ಮನುಷ್ಯ ನನಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಇಷ್ಟು ಸಾಧನೆ ಮಾಡಿದವನು ಮಾಡದ ಕೆಲಸಕ್ಕೆ ಸಿಕ್ಕಿಬಿದ್ದೆ.

ನನ್ನ ಸೊಸೆ, ಅದೇ ಬೀಗರ ಮಗಳು, ಕೆ.ಆರ್. ಪುರದ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನ ಟ್ರೈನಿನಲ್ಲಿ ಅವಳಿಗೊಂದು ಗುಂಪಿದೆ. ಹೂವು ಕಟ್ಟುವುದು, ಕಡ್ಲೇಕಾಯಿ ಹಂಚಿಕೊಳ್ಳುವುದು, ಅತ್ತೆಯರನ್ನು ಬೈಯುವುದು ಎಲ್ಲವೂ ಅಲ್ಲೇ. ಮೊದಲು ಹತ್ತಿದವರು ಉಳಿದವರಿಗೆ ಸೀಟು ಹಿಡಿಯುತ್ತಾರೆ. ಒಂದು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು, ನೇರ ಬಚ್ಚಲ ಪಕ್ಕದ ವಾಷಿಂಗ್ ಮಷೀನಿನ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿದಳು.

"ಮಾವ, ಎಲ್ಲಿಟ್ಟಿದೀರೋ ಯೋಳ್ಬಿಡಿ."

"ಏನಮ್ಮಣ್ಣಿ?"

"ಕರುವಾಡು."

ಆಮೇಲೆ ವಿಷಯ ಹೊರಬಂತು. ಅವಳ ಬಟ್ಟೆಯಿಂದ ಮುಗ್ಗಲು ವಾಸನೆ ಬರುತ್ತಿದೆಯಂತೆ. ಕೆಲವು ದಿನ ಗೆಳತಿಯರು ಸುಮ್ಮನಿದ್ದರು. ಅವತ್ತು ಒಬ್ಬಳು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳಂತೆ. ಅವಳ ಹಿಂದೆ ಇನ್ನೊಬ್ಬಳು. ಇವಳು ನಾಚಿಕೆಯಿಂದ ಬಾಗಿಲ ಹತ್ತಿರ ಹೋಗಿ ನಿಂತುಕೊಂಡೇ ಕೆ.ಆರ್. ಪುರ ಸೇರಿದ್ದಳು. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ತಂದುಕೊಂಡಳು. "ನಾಳೆಯಿಂದ ನಂಗ್ಯಾರೂ ಸೀಟ್ ಇಡಿಯಲ್ಲ ಮಾವ. ನಿಮ್ಗೆ ತಮಾಸೆ."

"ನಾನಲ್ಲ ಕಣಮ್ಮ, ಸತ್ಯವಾಗ್ಲೂ."

ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಸಮೇತ ಬಂದಳು. "ಇವ್ರನ್ನ ಬಿಟ್ರೆ ಇನ್ಯಾರು ಮಾಡ್ತಾರೆ? ಮುಖ ನೋಡು, ಎಂಗಿಟ್ಕೊಂಡವ್ರೆ. ಬೀಗರ ಬ್ಯಾಗಾಯ್ತು, ಈಗ ಸೊಸೆ ಸೀರೆ."

ನಿಜ ಹೇಳುವಾಗಲೂ ನನ್ನ ಮುಖ ಸುಳ್ಳು ಹೇಳುವಾಗಿನ ಹಾಗೆಯೇ ಇರುತ್ತದೆ. ಅದನ್ನು ರೂಢಿ ಮಾಡಿಕೊಳ್ಳಲು ನನಗೆ ಅರ್ಧ ಆಯಸ್ಸು ಹಿಡಿದಿತ್ತು. ಅವತ್ತು ಆ ವಿದ್ಯೆ ನನಗೇ ತಿರುಗಿತು.

ಸೊಸೆ ಸೋಪಿನ ಪುಡಿ ಎರಡರಷ್ಟು ಸುರಿದಳು. ಘಮಘಮ ಲಿಕ್ವಿಡ್ ತಂದು ಹಾಕಿದಳು. ಈಗ ಬಟ್ಟೆ ಕೊಳೆತ ಮಲ್ಲಿಗೆಯ ಹಾಗೆ ನಾರತೊಡಗಿತು. ಕೊನೆಗೆ, ದಿನವಿಡೀ ಅಂಗಡಿಯಲ್ಲಿ ನಿಂತು ಬಂದವಳು ಬಟ್ಟೆ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಗೆಯಲು ಶುರುಮಾಡಿದಳು. ನನ್ನ ಜೊತೆ ಮಾತಿಲ್ಲ. ನನ್ನ ಕಾಫಿ ಲೋಟ ಟೇಬಲ್ಲಿನ ಮೇಲೆ ಟಪ್ಪೆಂದು ಕೂರುತ್ತಿತ್ತು. ಮಾಡಿದ ಕೀಟಲೆಗೆ ಬೈಸಿಕೊಂಡರೆ ನನಗೆ ಹೊಟ್ಟೆ ತುಂಬುತ್ತದೆ. ಮಾಡದ್ದಕ್ಕೆ ಬೈಸಿಕೊಳ್ಳುವುದು ಮಾತ್ರ ನನ್ನ ಘನತೆಗೆ ಕಮ್ಮಿ. ಕಳ್ಳನನ್ನು ಹಿಡಿಯಲೇಬೇಕೆಂದು ತೀರ್ಮಾನಿಸಿದೆ.

ಆ ಶುಕ್ರವಾರ ಸೊಸೆ ಕೆಲಸಕ್ಕೆ ಹೋಗಿದ್ದಾಗ ನಲ್ಲಿ ಬಂತು. ನಮ್ಮ ಕಡೆ ನಲ್ಲಿ ನೀರು ಬರುವುದು ಅದರ ಇಷ್ಟ ಬಂದಾಗ. ಬಂತೆಂದರೆ ಹೆಂಗಸರ ಕೈಗೆ ಸಿಕ್ಕಿದ್ದೆಲ್ಲ ಪಾತ್ರೆಯೇ. ನನ್ನ ಹೆಂಡತಿ ಡ್ರಮ್ಮು ತುಂಬಿದಳು, ಬಿಂದಿಗೆ ತುಂಬಿದಳು, ಕುಕ್ಕರು, ಇಡ್ಲಿ ಪಾತ್ರೆ, ನಾನು ಕಾಲು ತೊಳೆಯುವ ತಂಬಿಗೆ ಎಲ್ಲ ತುಂಬಿದಳು. ಆಮೇಲೆ ಬಕೆಟ್ಟು ಎತ್ತಿ ವಾಷಿಂಗ್ ಮಷೀನಿಗೆ ಸುರಿಯತೊಡಗಿದಳು. ಮುಕ್ಕಾಲು ತುಂಬಿಸಿ, ಮುಚ್ಚಳ ಹಾಕಿ, ಹಲ್ಲಿ ಬೀಳದಿರಲಿ ಎಂದು ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಹಳೇ ದುಪ್ಪಟಿ ಮುಚ್ಚಿ, ಹಗ್ಗದಿಂದ ಬಿಗಿದಳು. ಮದುಮಗಳನ್ನೂ ಯಾರೂ ಅಷ್ಟು ಜೋಪಾನ ಮಾಡಿರಲಾರರು.

"ಲೇ ಇವಳೇ, ಇದರಾಗೆ ಎಷ್ಟು ದಿನ ಇರ್ತದೆ ನೀರು?"

"ಮುಂದಿನ್ ನಲ್ಲಿ ಬರಗಂಟ. ಅವಳು ಬಟ್ಟೆ ಆಕೋ ದಿನ ಮುಂಚೇನೇ ಮೊಗೆದು ಪಾತ್ರೆಗೆ ಆಕೊಂತೀನಿ. ಯಾಕೆ?"

ನಾನು ಹಗ್ಗ ಬಿಚ್ಚಿ, ಮುಚ್ಚಳ ತೆಗೆದು, ಅವಳ ತಲೆಯನ್ನು ಮೆಲ್ಲಗೆ ಒಳಕ್ಕೆ ಬಗ್ಗಿಸಿದೆ. "ಮೂಸು."

ಮೂಸಿದಳು. ತಲೆ ಎತ್ತಲಿಲ್ಲ. ಒಳಗಿಂದಲೇ ಕೇಳಿದಳು, "ಅವಳಿಗ್ ಯೋಳ್ತೀರಾ?"

"ಬೀದಿಗೇ ಯೋಳ್ತೀನಿ. ಸೌಟು ಇಡ್ಕೊಂಡು ಬಂದಿದ್ಯಲ್ಲ."

"ಮಾನ ಕಳೀಬೇಡಿ. ನಾಟಿಕೋಳಿ ಸಾರು ಮಾಡ್ತೀನಿ."

ಸಾರಿಗೆ ಮುದ್ದೆಯೂ ಇರಬೇಕೆಂದು ಒಪ್ಪಿಸಿ, ಇಬ್ಬರೂ ಕೆಲಸಕ್ಕಿಳಿದೆವು. ಇದ್ದ ನೀರನ್ನು ಗಿಡಕ್ಕೆ ಹಾಕಿ, ಹಂಡೆಯ ಬಿಸಿನೀರು ತುಂಬಿ, ಬಟ್ಟೆಸೋಡ ಕರಗಿಸಿ ನೆನೆಯಲು ಬಿಟ್ಟೆವು. ಬಟ್ಟೆಯಿಲ್ಲದೆ ಮಷೀನು ತಿರುಗಿಸಿದಾಗ ಕರಿ ಪದರಗಳು ತೇಲಿ ಬಂದವು, ಸುಟ್ಟ ಹಪ್ಪಳದ ಚೂರಿನ ಹಾಗೆ. ಹೊರಗಿಂದ ಚೂರೂ ಕಾಣದ ಜಾಗದಲ್ಲಿ ಅಷ್ಟು ಕೊಳೆ ಅಡಗಿತ್ತು. ಚೂರು ಬರುವುದು ನಿಲ್ಲುವವರೆಗೂ ನೀರು ಬದಲಿಸಿದೆವು. ನೂಲು ಹಿಡಿಯುವ ಪುಟ್ಟ ಜಾಲರಿ ಚೀಲವನ್ನೂ ಸೋಪು ಹಾಕುವ ಡಬ್ಬಿಯನ್ನೂ ಅವಳು ಹಳೇ ಬ್ರಷ್ಷಿನಿಂದ ಉಜ್ಜಿದಳು. ನಾನು ಸ್ಟೂಲಿನ ಮೇಲೆ ಕೂತು ತಪ್ಪು ತೋರಿಸಿದೆ. ಕೊನೆಗೆ ಒಣಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆರೆದೇ ಬಿಟ್ಟೆವು.

ಅದರಲ್ಲಿ ಒಗೆದ ಸೀರೆಯ ಸೆರಗನ್ನು ಸೊಸೆ ಭಾನುವಾರ ಮಹಡಿಯ ಮೇಲೆ ಮೂಸಿ ಮೂಸಿ ನೋಡಿದಳು. "ಅಂತೂ ಮೀನು ತೆಗೆದ್ರಿ, ಅಲ್ವಾ ಮಾವ?" ಎಂದಳು. ಕೋಳಿ ಸಾರು ನೆನೆದು ನಾನು ಬಾಯಿ ಮುಚ್ಚಿಕೊಂಡೆ.

ಆದರೆ ಮಾರನೇ ಸಂಜೆ ಮತ್ತೆ ನಲ್ಲಿ ಬಂತು. ಅತ್ತೆ ಸೊಸೆ ಇಬ್ಬರೂ ಓಡಿದರು. ಪಾತ್ರೆಯೆಲ್ಲ ತುಂಬಿದ ಮೇಲೂ ನೀರು ಬರುತ್ತಲೇ ಇತ್ತು. ನನ್ನ ಹೆಂಡತಿ ತುಂಬಿದ ಬಕೆಟ್ಟು ಎತ್ತಿಕೊಂಡು, ಯೋಚನೆಯೇ ಇಲ್ಲದೆ ಮಷೀನಿನ ಬಳಿ ನಡೆದು, ಸುರಿಯಲು ಬಗ್ಗಿಸಿದಳು. ಸೊಸೆ ನೋಡುತ್ತಿದ್ದಾಳೆಂದು ಆಮೇಲೆ ನೆನಪಾಯಿತು. ಬಕೆಟ್ಟು ಗಾಳಿಯಲ್ಲೇ ನಿಂತಿತು.

"ಅತ್ತೆ, ಅದಕ್ಕ್ಯಾಕೆ ನೀರು?"

"ಸುಮ್ನೆ," ಎಂದಳು ನನ್ನವಳು.

ಸೊಸೆ ಅವಳನ್ನು ನೋಡಿದಳು, ಹಗ್ಗ ನೋಡಿದಳು, ದುಪ್ಪಟಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಬಕೆಟ್ಟು ಇಸಿದುಕೊಂಡು ಕೆಳಗಿಟ್ಟು ಗೋಡೆಗೊರಗಿ ನಗತೊಡಗಿದಳು. ನನ್ನ ಹೆಂಡತಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗದೆ ಗಂಭೀರವಾಗಿ ನಿಂತಿದ್ದವನು ನಾನೊಬ್ಬನೇ. ನಿರಪರಾಧಿಯ ಮುಖ ಹೇಗಿರುತ್ತದೆಂದು ಅವರಿಗೂ ಗೊತ್ತಾಗಲಿ ಎಂದು.

"ತಪ್ಪಾಯ್ತು ಮಾವ," ಎಂದಳು ಸೊಸೆ. "ಟ್ರೈನಲ್ಲಿ ಎಲ್ರಿಗೂ ಯೋಳ್ಬಿಟ್ಟಿದೀನಿ, ನಮ್ಮಾವ ಮಷೀನಾಗೆ ಕರುವಾಡು ಬಚ್ಚಿಟ್ಟಿದ್ರು ಅಂತ. ಬಿದ್ದು ಬಿದ್ದು ನಕ್ರು. ಇವತ್ತು ಕಿಟಕಿ ಸೀಟು ಇಡ್ದಿದ್ರು, ನಿಮ್ ಇನ್ನೊಂದು ಕತೆ ಬೇಕಂತೆ. ನಾಳೆ ನಿಜ ಯೋಳ್ತೀನಿ ಬಿಡಿ."

ಮಾಡದ ಕೀಟಲೆಗೆ ಒಂದು ಬೋಗಿ ತುಂಬ ಹೆಸರು. ಇಂಥದ್ದು ಎಷ್ಟು ಜನರಿಗೆ ಸಿಗುತ್ತದೆ.

"ಬಾಯ್ ಮುಚ್ಕೊಂಡು ಸೀಟಲ್ಲಿ ಕೂತ್ಕೋ," ಎಂದೆ. "ಯಾವ ಮೀನು ಅಂತ ಕೇಳಿದ್ರೆ ಮಾತ್ರ ನೆತ್ತಿಲಿ ಅನ್ನು."