ಚರ್ಚಿನ ಬಾಗಿಲಲ್ಲಿ ಬಿಟ್ಟ ಶೂ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಆಸ್ಟಿನ್‌ನಲ್ಲಿದ್ದಾಗ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಶನಿವಾರದ ಪಾಟ್‌ಲಕ್‌ಗಳಲ್ಲಿ, ಊಟ ಮುಗಿದು ಮಕ್ಕಳೆಲ್ಲ ಮೇಲಿನ ಗೇಮ್ ರೂಮಿಗೆ ಓಡಿದ ಮೇಲೆ, ಯಾರಾದರೊಬ್ಬರು ಅಂಥ ಮಾತು ತೆಗೆದೇ ತೆಗೆಯುತ್ತಿದ್ದರು. ನಾನು ನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದೆ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಇನ್ನೊಂದು ಸಲ ಮಾಡಿ ತೋರಿಸಲಾಗದ ದೋಷವನ್ನು ದೋಷವೆಂದೇ ಒಪ್ಪಿಕೊಳ್ಳದವನು. ಈಗ ದೆವ್ವವನ್ನು ನಂಬುತ್ತೀಯಾ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತೇನೆ, ಆದರೆ ಅಂದಿನ ಜೋರು ದನಿಯಲ್ಲಿ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನೀವೇ ಏನಾದರೂ ಅಂದುಕೊಳ್ಳಿ.

ಕೆಲವು ವರ್ಷಗಳ ಹಿಂದೆ ಕಂಪನಿಯವರು ನನ್ನನ್ನು ಜರ್ಮನಿಗೆ ಕಳಿಸಿದರು. ಹೆಂಡತಿ ಸುಧಾ, ಐದು ವರ್ಷದ ಮಗಳು ಅನಿಕಾ ಇಬ್ಬರೂ ಜೊತೆಗೆ ಬಂದರು. ಆ ಊರಿನ ಹೆಸರು ಬರೆಯುವುದಿಲ್ಲ. ಓದಿದವರು ಹುಡುಕಿಕೊಂಡು ಹೋಗುವುದು ನನಗೆ ಬೇಡ. ಕೆಲಸವಿಲ್ಲದ ಒಂದು ಮಧ್ಯಾಹ್ನ ಅಲ್ಲಿನ ಹಳೇ ಪೇಟೆ ನೋಡಲು ಹೊರಟೆವು. ಮರದ ತೊಲೆಗಳು ಗೋಡೆಯ ಮೇಲೇ ಕಾಣುವ ಎತ್ತರದ ಮನೆಗಳು, ಕಾರು ನುಗ್ಗದ ಕಲ್ಲುಹಾಸಿನ ಓಣಿಗಳು. ಹಾಲು ತರುವುದಕ್ಕೂ ಕಾರು ತೆಗೆಯುವ ನಮಗೆ ಅದೇ ದೊಡ್ಡ ಖುಷಿ. ಚಳಿಗಾಲವಾದ್ದರಿಂದ ಸಂಜೆಯಾಗುವ ಮೊದಲೇ ಕತ್ತಲು ಕವಿಯುತ್ತಿತ್ತು. ಜನರೆಲ್ಲ ಚೌಕದ ಕ್ರಿಸ್‌ಮಸ್ ಸಂತೆಯಲ್ಲಿದ್ದರು, ನಾವು ಹೊಕ್ಕ ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ಓಣಿಯ ಮಧ್ಯದಲ್ಲೊಂದು ಸಣ್ಣ ಚರ್ಚು, ಬಾಗಿಲು ಅರ್ಧ ತೆರೆದಿತ್ತು. ಸುಧಾ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚತೊಡಗಿದಳು.

"ಇಲ್ಲೆಲ್ಲ ಯಾರೂ ಬಿಡಲ್ಲ ಕಣೇ, ನೆಲ ಐಸ್ ಥರ ಇರುತ್ತೆ" ಎಂದೆ.

"ದೇವರ ಗುಡಿ ಯಾರದಾದ್ರೇನ್ರೀ? ಬೂಟು ಹಾಕ್ಕೊಂಡು ಒಳಗ ಹೆಂಗ ಹೋಗೂದು?" ಎಂದಳು. ಅವಳು ಧಾರವಾಡದವಳು, ಈ ವಿಷಯದಲ್ಲಿ ಅವಳ ಜೊತೆ ವಾದ ಮಾಡಿ ಗೆದ್ದದ್ದಿಲ್ಲ. ಮೂವರ ಶೂಗಳನ್ನೂ ಬಾಗಿಲ ಬಳಿ ಸಾಲಾಗಿ ಬಿಟ್ಟೆವು. ಅನಿಕಾಳದ್ದು ಗುಲಾಬಿ ಬಣ್ಣದ್ದು, ಹೆಜ್ಜೆ ಊರಿದಾಗ ಹಿಮ್ಮಡಿಯಲ್ಲಿ ಕೆಂಪು ದೀಪ ಮಿನುಗುವಂಥದ್ದು.

ಒಳಗೆ ಗೋಡೆಗೆ ಒರಗಿಸಿ, ಸತ್ತವರ ನೆನಪಿಗೆ ಕೆತ್ತಿದ ಒಂದು ದೊಡ್ಡ ಕಲ್ಲು ನಿಲ್ಲಿಸಿದ್ದರು. ಯಾವುದೋ ಕಾಲದ ಶ್ರೀಮಂತ ಮನೆತನವಿರಬೇಕು. ತಂದೆ, ತಾಯಿ, ಹಿಂದೆ ಎತ್ತರದ ಪ್ರಕಾರ ಮಂಡಿಯೂರಿದ ಮಕ್ಕಳು, ಎಲ್ಲರದ್ದೂ ಮುಗಿದ ಕೈ. ತಂದೆಯ ಮುಖ ಮಾತ್ರ ಸವೆದು ನುಣ್ಣಗಾಗಿತ್ತು. ಅನಿಕಾ ತಾನೂ ಅವರಿಗೆ ಕೈ ಮುಗಿದಳು. ನಮಗೆ ನಗು ಬಂತು.

ಹೊರಗೆ ಬಂದರೆ ನಮ್ಮಿಬ್ಬರ ಶೂ ಇತ್ತು, ಮಗಳದ್ದಿಲ್ಲ. ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಕೆಂಪು ದೀಪಗಳು ನೆಲದ ಮಟ್ಟದಲ್ಲಿ ಮಿನುಗುತ್ತ ದೂರ ಹೋಗುವುದು ಕಂಡಿತು. ಯಾವುದೋ ತುಂಟ ಮಗು ಹಾಕಿಕೊಂಡು ಓಡುತ್ತಿದೆ ಎಂದುಕೊಂಡೆ. "ನೀನು ಅನಿಕಾಳನ್ನು ಎತ್ತಿಕೊಂಡು ಇಲ್ಲೇ ನಿಲ್ಲು" ಎಂದು ಸುಧಾಗೆ ಹೇಳಿ, ನನ್ನ ಶೂ ತೂರಿಸಿಕೊಂಡು ಬೆನ್ನು ಹತ್ತಿದೆ. ದೀಪಗಳು ಒಂದು ತಿರುವು, ಇನ್ನೊಂದು ತಿರುವು ದಾಟಿದವು. ಹೆಜ್ಜೆಯ ಸದ್ದು ಕೇಳಿಸುತ್ತಿತ್ತು, ಮೇಲೆ ಮೈಯೆಂಬುದು ಕಾಣಲಿಲ್ಲ. ಕತ್ತಲಿತ್ತು, ಅದಕ್ಕೇ ಇರಬೇಕು. ಕೊನೆಗೆ ಓಣಿ ಒಂದು ಕುರುಡು ಗೋಡೆಗೆ ಬಂದು ನಿಂತಿತು. ಶೂಗಳು ಗೋಡೆಗೆ ಮುಖ ಮಾಡಿ ಜೋಡಿಸಿದಂತೆ ಇದ್ದವು. ದೀಪ ಇನ್ನೂ ಆರಿರಲಿಲ್ಲ. ಕೈಗೆತ್ತಿಕೊಂಡರೆ ಒಳಗೆಲ್ಲ ತಣ್ಣಗಿನ ನೀರು.

ಅವನ್ನು ಹಿಡಿದುಕೊಂಡೇ ವಾಪಸು ಓಡಿ ಬಂದೆ. ಸುಧಾ ಮೆಟ್ಟಿಲ ಮೇಲೆ ಒಬ್ಬಳೇ ನಿಂತಿದ್ದಳು.

"ಅನಿಕಾ ಎಲ್ಲಿ?" ಎಂದೆ.

ಅವಳು ನನ್ನ ಮುಖ ನೋಡಿದಳು, ಹಿಂದಿನಿಂದ ಯಾರಾದರೂ ಬರುತ್ತಾರೇನೋ ಎಂದು ಓಣಿ ನೋಡಿದಳು. "ನೀವಽ ಬಂದು ಇಸ್ಕೊಂಡು ಹೋದ್ರಲ್ರೀ! ಚಳಿ ಆಗ್ತದ, ಕೊಡು ಇಲ್ಲಿ ಅಂದ್ರಿ. ಬರೇ ಕಾಲಾಗ ಇದ್ರಿ, ಬೂಟು ಎಲ್ಲಿ ಅಂತ ಕೇಳೂದ್ರಾಗ ಹೊಳ್ಳಿಬಿಟ್ರಿ."

ನನ್ನ ಶೂ ನನ್ನ ಕಾಲಲ್ಲೇ ಇತ್ತು. ಅದನ್ನು ನೋಡಿ ಅವಳು ಕೂಗಿಕೊಂಡ ರೀತಿ ನಾನು ಸಾಯುವತನಕ ಮರೆಯುವುದಿಲ್ಲ. ಅನಿಕಾ, ಅನಿಕಾ ಎಂದು ಇಬ್ಬರೂ ಆ ಓಣಿ ತುಂಬ ಅರಚಿದೆವು. ಒಂದು ಕಿಟಕಿಯೂ ತೆರೆಯಲಿಲ್ಲ. ಆಮೇಲೆ ನನಗೇನು ತೋಚಿತೋ, ಚರ್ಚಿನೊಳಗೆ ನುಗ್ಗಿದೆ.

ಅವಳು ಆ ಕಲ್ಲಿನ ಪಕ್ಕದಲ್ಲಿ, ಕೊನೆಯ ಮಗುವಿನ ಹಿಂದೆ ಮಂಡಿಯೂರಿ ಕೈ ಮುಗಿದು ಕೂತಿದ್ದಳು. ಬಾಚಿ ಎತ್ತಿಕೊಂಡೆ, ಮೈ ಕೊರೆಯುತ್ತಿತ್ತು. ಅತ್ತಿರಲಿಲ್ಲ, ಹೆದರಿರಲೂ ಇಲ್ಲ. "ಬಟ್ ಯೂ ಟೋಲ್ಡ್ ಮಿ ಟು ಸ್ಟೇ ಹಿಯರ್, ಅಪ್ಪಾ" ಎಂದಳು. ಸಾಲಿನ ಕೊನೆಗೆ ಕೂತುಕೋ, ಅಮ್ಮನಿಗೆ ಕಾಯಬೇಡ ಎಂದು ನಾನೇ ಹೇಳಿದೆನಂತೆ. ಆ ಶೂಗಳನ್ನು ಅಲ್ಲೇ ಎಸೆದು, ಅವಳನ್ನು ಕೋಟಿನೊಳಗೆ ಅವುಚಿಕೊಂಡು ದೀಪವಿರುವ ಚೌಕದವರೆಗೂ ಓಡಿದೆವು.

ಆಸ್ಟಿನ್‌ಗೆ ಬಂದ ದಿನವೇ ಸುಧಾ ಮಗಳಿಗೆ ಒಣಮೆಣಸಿನಕಾಯಿ ನಿವಾಳಿಸಿದಳು. ಸ್ಮೋಕ್ ಅಲಾರಂ ಕಾಟಕ್ಕೆ ಬಾಲ್ಕನಿಯಲ್ಲಿ ಸುಟ್ಟಳು. ಹಿಡಿ ತುಂಬ ಮೆಣಸಿನಕಾಯಿ ಕರಿಕಾದರೂ ಒಬ್ಬರಿಗೂ ಕೆಮ್ಮು ಬರಲಿಲ್ಲ. ಹಳೇ ಸ್ಟಾಕ್ ಇರಬೇಕು ಎಂದೆ.

ಸುಧಾ ಚಳಿಗೆ ತಬ್ಬಿಬ್ಬಾಗಿ ಮಗುವನ್ನು ಇಳಿಸಿರಬಹುದು, ಮಗು ತಾನೇ ಒಳಗೆ ಹೋಗಿರಬಹುದು, ಉಳಿದದ್ದು ಭ್ರಮೆಯಿರಬಹುದು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾವುದೂ ಪೂರ್ತಿ ಹೊಂದುವುದಿಲ್ಲ. ಅನಿಕಾಗೆ ಅದೇನೂ ನೆನಪಿಲ್ಲ, ಆರೋಗ್ಯವಾಗಿದ್ದಾಳೆ, ಅದೊಂದು ಪುಣ್ಯ.

ಈಗ ನಾವಿರುವುದು ಫ್ಲವರ್ ಮೌಂಡ್ ಎಂಬ ಇನ್ನೊಂದು ಊರಿನಲ್ಲಿ. ಮಗಳನ್ನು ಸಂಗೀತದ ಕ್ಲಾಸಿಗೆ ಕರೆದುಕೊಂಡು ಹೋಗಲು ನಾನು ಆಫೀಸಿನಿಂದ ನೇರ ಮನೆಗೆ ಬರುತ್ತೇನೆ. ಬಾಗಿಲು ತೆಗೆದ ಸುಧಾ ಇವತ್ತಿಗೂ ಮಗಳ ಮಣಿಕಟ್ಟು ಹಿಡಿದುಕೊಂಡು ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾಳೆ. ಹೋದ ವಾರ ತಡೆಯಲಾರದೆ, "ನಾನೇ ಕಣೇ, ಕಳಿಸು" ಎಂದೆ.

ಅವಳು ಕೈ ಬಿಡಲಿಲ್ಲ. "ಅವತ್ತು ಅವನೂ ಹಿಂಗಽ ಅಂದಿದ್ದ" ಎಂದಳು.