ರಾಣಿಯ ತಪ್ಪೇನಿರಲಿಲ್ಲ

ಡಾಕ್ಟರಿಗೆ ಅರವತ್ತಾರು ವರ್ಷ. ಅದರಲ್ಲಿ ಏಳು ವರ್ಷ ಸೈನ್ಯಕ್ಕೆ ಹೋಯಿತು, ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಿಗೆ ಹೋಯಿತು, ಉಳಿದದ್ದು ನೆಟ್ಟಗೆ ನಿದ್ದೆಗೂ ಹೋಗಲಿಲ್ಲ ಎಂಬುದು ಅವರ ಹೆಂಡತಿಯ ದೂರು.

ಹದಿನೆಂಟಕ್ಕೇ ಬಂದೂಕು ಹಿಡಿದವರು. ಯುದ್ಧದಲ್ಲಿ ಪಕ್ಕದಲ್ಲಿದ್ದ ಗೆಳೆಯನ ತೊಡೆಗೆ ಗುಂಡು ಬಿದ್ದು ರಕ್ತ ಧಾರೆಗಟ್ಟಿದಾಗ ಇವರು ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿದರು. ಒತ್ತಬೇಕಾದದ್ದು ಅಲ್ಲಲ್ಲ, ಅದರಿಂದ ಒಂದು ಗೇಣು ಮೇಲೆ. ಗೆಳೆಯ ಉಳಿಯಲಿಲ್ಲ. ಆ ಒಂದು ಗೇಣನ್ನು ಕಲಿಯುವುದಕ್ಕೆಂದೇ ಇಪ್ಪತ್ತಾರನೆಯ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿ, ಮೀಸೆ ಮೂಡದ ಹುಡುಗರ ನಡುವೆ ಕೂತರು. ಹುಡುಗರು ತಾತ ಎಂದು ಹೆಸರಿಟ್ಟರು. ತಾತ ಕಿವಿಗೆ ಹಾಕಿಕೊಳ್ಳದೆ ಓದಿ ಸರ್ಜನ್ ಆದರು.

ಜೇನಿನ ಹುಚ್ಚು ಹತ್ತಿದ್ದು ಆಮೇಲೆ. ಹಿತ್ತಿಲಲ್ಲಿ ಒಂದು ಜೇನುಪೆಟ್ಟಿಗೆ, ಭಾನುವಾರ ಭಾನುವಾರ ಎರಡು ಗಂಟೆ. ಲೋಕದಲ್ಲಿ ಯಾರೂ ತನ್ನನ್ನು 'ಡಾಕ್ಟ್ರೇ' ಎಂದು ಕರೆಯದ ಜಾಗ ಅದೊಂದೇ ಎನ್ನುತ್ತಿದ್ದರು. ಗ್ಲೌಸ್ ಹಾಕುತ್ತಿರಲಿಲ್ಲ. ವಾರವಿಡೀ ಹಾಕಿದ್ದು ಸಾಲದೇ ಎಂಬ ವಾದ ಬೇರೆ. ಕೈ ನಿಧಾನವಾಗಿ ಆಡಿದರೆ ಜೇನುಹುಳ ಸುಮ್ಮನಿರುತ್ತದೆ. ಝಟಕಾ ಕೊಟ್ಟರೆ ಬಿಡುವುದಿಲ್ಲ. ವರ್ಷಕ್ಕೆ ಎರಡೋ ಮೂರೋ ಸಲ ಕಚ್ಚಿಸಿಕೊಂಡರೆ ಹೆಚ್ಚು.

ಈ ವರ್ಷ ಮಾತ್ರ ಭಾನುವಾರಕ್ಕೆ ಐದು, ಆರು. ಮೊಣಕೈವರೆಗೂ ಊತ.

ಡಾಕ್ಟರು ರೋಗ ಪತ್ತೆ ಹಚ್ಚಿದರು: ರಾಣಿ ಸರಿಯಿಲ್ಲ. ಗೂಡಿನ ಸ್ವಭಾವವೆಲ್ಲ ರಾಣಿಯಿಂದ ಬರುವುದು, ಗೂಡು ಕೆರಳಿದರೆ ಜೇನು ಸಾಕುವವರೆಲ್ಲ ರಾಣಿಯನ್ನೇ ಬದಲಿಸುವುದು. ಹಳೆಯ ರಾಣಿಯನ್ನು ಹುಡುಕಿ ಬೆರಳ ನಡುವೆ ಹೊಸಕಿ, ಸಾಧು ತಳಿಯ ಹೊಸ ರಾಣಿಯನ್ನು ತರಿಸಿ ಬಿಟ್ಟರು. ಎರಡು ತಿಂಗಳಲ್ಲಿ ಗೂಡಿನ ತುಂಬ ಹೊಸ ರಾಣಿಯ ಮಕ್ಕಳೇ ಆದವು. ಹಾಗಿದ್ದರೂ ಒಂದು ಭಾನುವಾರ ಎಂಟು ಕಚ್ಚಿದವು.

"ಕೊಡಿ ಇಲ್ಲಿ," ಎಂದರು ಬಟ್ಟೆ ಒಣಹಾಕುತ್ತಿದ್ದ ಹೆಂಡತಿ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗಂಡನ ಕೈಯಿಂದ ಜೇನೆರಿ ಕಟ್ಟಿದ ಚೌಕಟ್ಟನ್ನು ತೆಗೆದುಕೊಂಡರು. ಅಷ್ಟು ಹೊತ್ತೂ ಆ ಚೌಕಟ್ಟು ಪೆಟ್ಟಿಗೆಯ ಅಂಚಿಗೆ ಟಕಟಕ ಎಂದು ಸಣ್ಣಗೆ ಬಡಿಯುತ್ತಲೇ ಇತ್ತು. ಈಗ ಸದ್ದು ನಿಂತಿತು. ಒಂದು ಹುಳವೂ ಅವರನ್ನು ಮುಟ್ಟಲಿಲ್ಲ.

"ಇವು ಚೆನ್ನಾಗೇ ಇವೆಯಲ್ರೀ," ಎಂದರು, ಚೌಕಟ್ಟನ್ನು ಪೆಟ್ಟಿಗೆಯೊಳಗೆ ಇಳಿಸುತ್ತ.

ಡಾಕ್ಟರು ತಮ್ಮ ಬಲಗೈ ನೋಡಿಕೊಂಡರು. ಅದುರುತ್ತಿದ್ದ ಹೆಬ್ಬೆರಳು ಯಾರ ಮಾತನ್ನೂ ಕೇಳುವ ಹಾಗಿರಲಿಲ್ಲ. ವಿನಾಕಾರಣ ಕೊಂದ ರಾಣಿಯ ನೆನಪಾಯಿತು.

ಮರುದಿನ ಬೆಳಿಗ್ಗೆ ಟೀಚರಮ್ಮ ಒಬ್ಬರ ಕುತ್ತಿಗೆಯ ಗಂಟು ತೆಗೆಯಬೇಕಿತ್ತು. ದನಿಯ ನರ ಆ ಗಂಟಿಗೆ ಅಂಟಿಕೊಂಡೇ ಹೋಗುತ್ತದೆ. ಕೂದಲೆಳೆಯಷ್ಟು ಕೈ ಜಾರಿದರೂ ದನಿ ಹೋದಂತೆಯೇ. "ಮಾತೇ ನನ್ನ ಅನ್ನ, ಡಾಕ್ಟ್ರೇ. ನೀವೇ ಮಾಡ್ಬೇಕು," ಎಂದು ಟೀಚರ್ ಪಟ್ಟು ಹಿಡಿದಿದ್ದರು. "ನನ್ನ ಕೈಯಲ್ಲಿ ಇದುವರೆಗೂ ಯಾರ ದನೀನೂ ಹೋಗಿಲ್ಲ," ಎಂದು ಇವರು ಮಾತು ಕೊಟ್ಟಿದ್ದರು.

ಏಳಕ್ಕೇ ವಾರ್ಡಿನಲ್ಲಿದ್ದ ಟೀಚರ್ ಹತ್ತಿರ ಹೋದರು. ಒಂದು ಮಹಡಿ ಹತ್ತುವುದರಲ್ಲಿ ಎರಡು ಸಲ ನಿಂತರು. ಕಿರಿಯ ಸರ್ಜನ್ ಮೇಡಂ ಆಗಲೇ ಅಲ್ಲಿದ್ದರು, ಫೈಲು ಹಿಡಿದ ಥಿಯೇಟರ್ ಸಿಸ್ಟರ್ ಕೂಡ. ಸಿಸ್ಟರ್ ಡಾಕ್ಟರ ಜೊತೆ ಇಪ್ಪತ್ತೆರಡು ವರ್ಷ ನಿಂತವರು.

"ಆಪರೇಷನ್ ನಾನು ಮಾಡ್ತಿಲ್ಲ," ಎಂದರು ಡಾಕ್ಟರು. "ಈ ಮೇಡಂ ಮಾಡ್ತಾರೆ. ನನ್ನ ಕೈ ನಡುಗುತ್ತೆ."

ಟೀಚರ್ ಅವರನ್ನೇ ನೋಡಿದರು. "ಯಾವಾಗಿಂದ?"

ಈ ವರ್ಷ ಆಪರೇಷನ್ ಮೇಜಿನ ಮೇಲೆ ಮಲಗಿದವರ ಮುಖಗಳೆಲ್ಲ ಒಂದೊಂದಾಗಿ ಡಾಕ್ಟರ ಕಣ್ಣ ಮುಂದೆ ಬಂದವು.

"ನಾಲ್ಕು ತಿಂಗಳಾಯ್ತು," ಎಂದರು ಸಿಸ್ಟರ್, ಫೈಲಿನಿಂದ ಕಣ್ಣೆತ್ತದೆ. "ಅದಕ್ಕೇ ಪ್ರತಿ ಸಲ ಮೇಡಂನ ನಿಮ್ಮ ಪಕ್ಕ ಹಾಕ್ತಿದ್ದೆ, ಸರ್. ನಾಜೂಕು ಕೆಲಸವನ್ನೆಲ್ಲ ಅವರೇ ಮಾಡ್ತಿದ್ರು. ನೀವು ಕಲಿಸ್ತಾ ಇದ್ದೀನಿ ಅಂದ್ಕೊಂಡಿದ್ರಿ."

ಮೇಡಂ ಕಿಟಕಿಯ ಕಡೆ ನೋಡಿದರು. ಡಾಕ್ಟರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೆ ಸಿಟ್ಟು ಮಾಡುವಷ್ಟು ತ್ರಾಣವೇ ಉಳಿದಿರಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಇಲ್ಲ ಸರ್. ಆಗೋಕೆ ಬಿಡಲಿಲ್ಲ."

ಟೀಚರ್ ಮೇಡಂ ಕಡೆ ತಿರುಗಿ, "ಸರಿ, ನೀವೇ ಮಾಡಿ," ಎಂದರು.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಡಾಕ್ಟರು ಥಿಯೇಟರಿನ ಹೊರಗೆ, ರೋಗಿಗಳ ಕಡೆಯವರ ಬೆಂಚಿನ ಮೇಲೆ ಕೂತರು. ಅಲ್ಲಿ ಹೊತ್ತು ಇಷ್ಟು ನಿಧಾನವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಟೀಚರ್ ಗಂಡ ಕುಡಿಯಲು ನೀರು ಕೊಟ್ಟರು. ಲೋಟ ಎರಡೂ ಕೈಯಲ್ಲಿ ಹಿಡಿದರೂ ನೀರು ಪ್ಯಾಂಟಿನ ಮೇಲೆ ಚೆಲ್ಲಿತು. ಆತ ನೋಡದವರಂತೆ ಅತ್ತ ತಿರುಗಿದರು.

ಮಧ್ಯಾಹ್ನ ಟೀಚರಿಗೆ ಎಚ್ಚರವಾದಾಗ ಡಾಕ್ಟರು ತಲೆಯ ಹತ್ತಿರ ನಿಂತಿದ್ದರು.

"ನೀರು," ಎಂದರು ಟೀಚರ್. ಗಂಟಲು ಒರಟಾಗಿತ್ತು, ದನಿ ಅವರದ್ದೇ ಆಗಿತ್ತು.

"ಈಗಲೇ ಕೊಡೋ ಹಾಗಿಲ್ಲಮ್ಮ. ಸ್ವಲ್ಪ ತಡಕೊಳ್ಳಿ," ಎಂದರು ಡಾಕ್ಟರು, ಕಣ್ಣೊರೆಸಿಕೊಳ್ಳುತ್ತ. ಆ ದಿನ ಅವರು ಮಾಡಿದ ಡಾಕ್ಟರ್ ಕೆಲಸ ಅಷ್ಟೇ.